ಮನಾಬಿಯಲ್ಲಿ ರಜೆ

ಜೂನ್ 11, ಮಂಗಳವಾರ

ನಲ್ಲಿ ನೀರು ಇವತ್ತೂ ತಡ. ವಿನೋಬನಗರಕ್ಕೆ ಮಾತ್ರ ಈ ಗೋಳು. ಅಂಗಡಿಗೆ ಮದುವೆ ಜವಳಿ ತೆಗೆಯಲು ಜಗಳೂರಿನವರು ಬಂದಿದ್ದರು. ಕಪಾಟು ಖಾಲಿ ಮಾಡಿಸಿದರು, ಒಂದು ಸೀರೆಯೂ ಒಪ್ಪಲಿಲ್ಲ. ಬಿಲ್ಲಿಂಗ್ ಕೌಂಟರ್‌ನಲ್ಲಿ ಕೂತು ಆಕಳಿಸಿದೆ.

ಭಾನುವಾರದಿಂದ ಇವರ ಫೋನ್ ಇಲ್ಲ. ಹಡಗು ನಡುನೀರಿನಲ್ಲಿದ್ದರೆ ನೆಟ್‌ವರ್ಕ್ ಇರುವುದಿಲ್ಲ, ಹೊಸದೇನಲ್ಲ. ಹರಿಹರದ ಫ್ಯಾಕ್ಟರಿ ಮುಚ್ಚಿದ ಮೇಲೆ ಹಡಗಿಗೆ ಫಿಟ್ಟರ್ ಆಗಿ ಹೋದವರು. ಅಂದಿನಿಂದ ಹೀಗೇ. ಅತ್ತೆಯದು ಮಾತ್ರ ದಿನಾ ಅದೇ ಪ್ರಶ್ನೆ — ಕೊಟ್ರೇಶ ಉಂಡನೋ ಇಲ್ಲೋ. ನನಗೇನು ಗೊತ್ತು.

ಜೂನ್ 19, ಬುಧವಾರ

ಶುಕ್ರವಾರ ಮುಂಬೈನ ಏಜೆನ್ಸಿಯಿಂದ ಫೋನ್ ಬಂತು. ಎಂಜಿನ್ ರೂಮಿನಲ್ಲಿ ಎದೆ ಹಿಡಿದುಕೊಂಡರಂತೆ. ಹಡಗನ್ನು ಹತ್ತಿರದ ಬಂದರಿಗೆ ತಿರುಗಿಸಿದರಂತೆ. ದಡ ಮುಟ್ಟುವ ಮೊದಲೇ ಹೋಗಿಬಿಟ್ಟರಂತೆ.

ಎಲ್ಲಾ ಅಂತೆ.

ಜನ ಬರುತ್ತಿದ್ದಾರೆ, ಹೋಗುತ್ತಿದ್ದಾರೆ. ಮೂಲೆ ಮನೆಯ ನಾಗಕ್ಕ ಬೆನ್ನು ಸವರುತ್ತಾ ಕೂತಿದ್ದಳು. "ಅತ್ತುಬಿಡವ್ವ ಭುವನಿ, ಎದಿ ಹಗುರಾಗ್ತೈತೆ." ಅಳು ಬರಲಿಲ್ಲ. ಎದ್ದು ಎಲ್ಲರಿಗೂ ಚಹಾ ಮಾಡಿಕೊಟ್ಟೆ. ಸಕ್ಕರೆ ಹಾಕಿರಲಿಲ್ಲವಂತೆ, ಆಮೇಲೆ ಹೇಳಿದರು.

ಜೂನ್ 20, ಗುರುವಾರ

ಅತ್ತೆ ಮೊದಲ ಸಲ ಬಾಯಿ ಬಿಟ್ಟರು. "ಎಂಥಾ ಊರದು, ನನ್ನ ಮಗ ಇರೋದು?"

ಮೊಬೈಲ್‌ನಲ್ಲಿ ಹುಡುಕಿ ಓದಿದೆ. ಈಕ್ವೆಡಾರ್ ಅನ್ನುವ ದೇಶ. ಪೆಸಿಫಿಕ್ ಸಮುದ್ರದ ದಡದಲ್ಲಿ ಮನಾಬಿ ಪ್ರಾಂತ್ಯ. ಅದರಲ್ಲಿ ಮಂಟಾ ಬಂದರು — ಶವಾಗಾರ ಇರುವುದು ಅಲ್ಲಿ. ಪ್ರಾಂತ್ಯದ ರಾಜಧಾನಿ ಪೋರ್ತೊವಿಯೆಹೊ. ಸ್ಪೇನಿನವರು ಬರುವ ಮೊದಲು ಅಲ್ಲಿಯವರು ತೆಪ್ಪದಲ್ಲಿ ಕೆಂಪು ಚಿಪ್ಪು ಹೇರಿಕೊಂಡು ದೂರ ದೂರ ವ್ಯಾಪಾರಕ್ಕೆ ಹೋಗುತ್ತಿದ್ದರು. ಕಲ್ಲಿನಲ್ಲಿ ಕೂರುವ ಪೀಠ ಕೆತ್ತುತ್ತಿದ್ದರು. ಪನಾಮಾ ಟೊಪ್ಪಿಗೆ ಅಂತ ಹೆಸರಾದದ್ದನ್ನು ನೇಯುವುದು ಪನಾಮಾದಲ್ಲಲ್ಲ, ಅಲ್ಲಿ. 2016ರಲ್ಲಿ ದೊಡ್ಡ ಭೂಕಂಪ ಆಗಿತ್ತು. ಬೆಳೆ — ಮೆಕ್ಕೆಜೋಳ, ಶೇಂಗಾ, ಕಾಫಿ.

"ಮೆಕ್ಕೆಜೋಳ ಬೆಳಿತಾರಾ?" ಅತ್ತೆ ತಲೆ ಎತ್ತಿದರು. "ಮಣ್ಣು ಕರಿದಾ, ಕೆಂಪಾ?"

"ಅದನ್ನ ಬರ್ದಿಲ್ಲ ಅತ್ತೆ."

"ಮತ್ತೆ ಏನ್ ಬರ್ದಾರ ಅದ್ರಾಗೆ. ಮುಖ್ಯದ್ದೇ ಬಿಟ್ಟಾರ."

ಜೂನ್ 21, ಶುಕ್ರವಾರ

ಮುಂಬೈನವನು ಮತ್ತೆ. ಹಿಂದಿ, ಅರ್ಧ ಇಂಗ್ಲಿಷ್. ಹೆಸರು, ಪಾಸ್‌ಪೋರ್ಟ್, ಸಂಬಂಧ. ರಿಲಿಜನ್ ಕೇಳಿದ. ಹಿಂದೂ ಅಂದೆ. ನಿಮ್ಮ ಧರ್ಮದ ಪ್ರಕಾರ ಎಲ್ಲಾ ವ್ಯವಸ್ಥೆ ಮಾಡಿ ಕಳಿಸುತ್ತೇವೆ, ಮೇಡಂ ಚಿಂತೆ ಬೇಡ, ಅಂದ. ಹ್ಞೂಂ ಹ್ಞೂಂ ಅಂದೆ. ಮನುಷ್ಯ ಒಳ್ಳೆಯವನು ಅನ್ನಿಸಿತು.

ಮೈದುನ ಗಿರೀಶ ಹರಿಹರದ ಹೊಲಕ್ಕೆ ಹೋಗಿ ಬಂದ. ಮಾವನ ಸಮಾಧಿಯ ಪಕ್ಕ ಮುಳ್ಳು ಕಡಿಸಿದ್ದಾನೆ. ಪೆಟ್ಟಿಗೆ ಬೆಂಗಳೂರಿಗೆ ಬಂದ ದಿನವೇ ಕುಣಿ ತೆಗೆಸುತ್ತಾನಂತೆ. ಕ್ರಿಯೆ ಮಾಡಿಸುವ ಅಯ್ನೋರಿಗೂ ಹೇಳಿ ಬಂದಿದ್ದಾನೆ. ಅತ್ತೆಗೆ ಸ್ವಲ್ಪ ಜೀವ ಬಂದಂತಾಗಿದೆ. ಎರಡು ತುತ್ತು ಉಂಡರು.

ಜೂನ್ 24, ಸೋಮವಾರ. ಸಂಜೆ

ದಿಲ್ಷಾದ್ ಬೇಗಂ ಬಂದಿದ್ದಳು. ಗೋಡೆ ಆಚೆಯ ಮನೆ, ಬ್ಲೌಸ್ ಹೊಲಿಯುವವಳು. ಏಜೆನ್ಸಿಯವನು ಏನೇನು ಕೇಳಿದ ಅಂತ ವಿಚಾರಿಸಿದಳು. ಹೇಳಿದೆ. ಸೂಜಿಯಂಥವಳು, ಒಂದೇ ಕಡೆ ಚುಚ್ಚಿದಳು.

"ಹಿಂದೂ ಅಂದಿ. ಮಣ್ಣು ಮಾಡೋರು ಅಂತ ಹೇಳಿದ್ಯಾ?"

ಇಲ್ಲ.

"ಅವರಿಗೆ ಹೆಂಗೆ ಗೊತ್ತಾಗ್ಬೇಕು? ಹಿಂದೂ ಅಂದ್ರೆ ಸುಡೋದು ಅಂದ್ಕೋತಾರೆ. ನೀವು ನಮ್ಮಂಗೆ ಮಣ್ಣಿನವರು ಅಂತ ಈ ಓಣಿಗೆ ಗೊತ್ತು, ಆ ದೇಶಕ್ಕೆ ಗೊತ್ತಾ?"

ಮುಂಬೈಗೆ ಫೋನ್ ಹಚ್ಚಿದೆ. ಹೂಳುವುದಕ್ಕೆ ಹಿಂದಿಯಲ್ಲಿ ಏನನ್ನುತ್ತಾರೆ, ತಲೆಗೆ ಬರಲಿಲ್ಲ. ದಿಲ್ಷಾದ್ ಫೋನ್ ಕಸಿದುಕೊಂಡು ಮಾತಾಡಿದಳು. ದಫನ್, ದಫನ್ ಅಂತ ಹೇಳುತ್ತಲೇ ಇದ್ದಳು. ಹಿಂದೂ, ಮತ್ತೆ ದಫನ್? ಅಂತ ಅವನು ಎರಡೆರಡು ಸಲ ಕೇಳಿದ. ನಮ್ಮಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ, ಸುಡಬೇಡಿ, ಹಾಗೇ ಕಳಿಸಿ — ಅಷ್ಟನ್ನೂ ಹೇಳಿದಳು. ಈಗಲೇ ಮೇಲ್ ಹಾಕುತ್ತೇನೆ ಅಂದ. ಹಾಕಿದ್ದನ್ನು ನನಗೂ ಕಳಿಸಿದ.

ಅತ್ತೆಗೆ ಹೇಳಿಲ್ಲ.

ಜೂನ್ 25, ಮಂಗಳವಾರ

ಉತ್ತರ ಇಲ್ಲ. ಮುಂಬೈನವನನ್ನು ಕೇಳಿದೆ. ಅಲ್ಲಿ ಇವತ್ತು ರಜೆ ಮೇಡಂ, ಆಫೀಸ್ ತೆಗೆಯುವುದಿಲ್ಲ ಅಂದ. ಮನಾಬಿ ಪ್ರಾಂತ್ಯ ಆಗಿ ಸರಿಯಾಗಿ ಇನ್ನೂರು ವರ್ಷ. 1824, ಜೂನ್ 25. ನೋಡಿದೆ, ಹೌದು.

ರಜೆ ಅಂದರೆ ಯಾರೂ ಏನೂ ಮಾಡುವುದಿಲ್ಲ. ಒಳ್ಳೆಯದೇ. ಅದನ್ನೇ ಹಿಡಿದುಕೊಂಡು ದಿನ ಕಳೆದೆ. ಅಂಗಡಿಗೂ ಹೋಗಿ ಬಂದೆ. ಊಟದ ಹೊತ್ತಿನಲ್ಲಿ ಮನಾಬಿಯ ವಿಡಿಯೊ ನೋಡಿದೆ. ಬ್ಯಾಂಡು, ಬಿಳಿ ಟೊಪ್ಪಿಗೆಯ ಗಂಡಸರು, ಅಗಲ ಲಂಗದ ಹುಡುಗಿಯರು. ಚೆನ್ನಾಗಿ ಕುಣಿಯುತ್ತಾರೆ. ಯಾವ ವರ್ಷದ್ದೋ.

ಜೂನ್ 27, ಗುರುವಾರ

ಮುಗಿದಿದೆ.

ಸೋಮವಾರ ಬೆಳಿಗ್ಗೆಯೇ ಸುಟ್ಟು ಮುಗಿಸಿದ್ದಾರೆ. ಮರುದಿನ ರಜೆ ಬರುತ್ತದೆ, ಕೆಲಸ ಉಳಿಯಬಾರದು ಅಂತ. ಮೇಲ್ ತೆರೆದದ್ದು ಬುಧವಾರ. ಸಂತಾಪ ತಿಳಿಸಿದ್ದಾರೆ.

ಅಲ್ಲಿಯ ಬೆಳಿಗ್ಗೆ ಅಂದರೆ ನಮಗೆ ರಾತ್ರಿ. ದಿಲ್ಷಾದ್ ದಫನ್ ದಫನ್ ಅನ್ನುತ್ತಿದ್ದಾಗ ಅಲ್ಲಿ ಇನ್ನೂ ಬೆಳಕು ಹರಿಯುತ್ತಿತ್ತು. ಇವರು ಇನ್ನೂ ಇದ್ದರು. ಮೇಲ್ ಹೋಗಿ ಮುಟ್ಟಿದಾಗಲೂ ಇದ್ದರು.

ಸಿಟ್ಟು ಬರಬೇಕಿತ್ತು. ಯಾರ ಮೇಲೆ? ಮುಂಬೈನವನು ಕೇಳಿದ್ದನ್ನು ಬರೆದುಕೊಂಡ. ಅವರು ಬರೆದದ್ದನ್ನು ಮಾಡಿದರು. ರಜೆ ಅಂದರೆ ನಾವೂ ಅಷ್ಟೇ, ಹಿಂದಿನ ದಿನವೇ ಕೆಲಸ ಮುಗಿಸುತ್ತೇವೆ.

ಜೂನ್ 30, ಭಾನುವಾರ

ಅತ್ತೆಗೆ ಹೇಳಿದೆ. ಗಿರೀಶ ಬೇಡ ಅಂದಿದ್ದ.

ಸೊಪ್ಪು ಸೋಸುತ್ತಿದ್ದರು. ಕೈ ನಿಲ್ಲಲಿಲ್ಲ. "ಕೊಳ್ಳಾಗೆ ಲಿಂಗ ಇತ್ತಲ್ಲ. ನೋಡಿದ್ರೆ ಗೊತ್ತಾಗಲಿಲ್ವಾ ಅವರಿಗೆ?"

ಎಂಜಿನ್ ರೂಮಿನಲ್ಲಿ ಸೆಖೆಗೆ ದಾರ ಕೊಳೆಯುತ್ತದೆ ಅಂತ ತೆಗೆದು ಬ್ಯಾಗಿನಲ್ಲಿ ಇಡುತ್ತಿದ್ದರು. ಅದನ್ನು ಹೇಳಲಿಲ್ಲ. ಬೇರೆಯದನ್ನು ಹೇಳಿದೆ. "ನಾನೇ ಅತ್ತೆ, ಹಿಂದೂ ಅಂತ ಹೇಳಿದ್ದು."

ಸೊಪ್ಪಿನ ಇನ್ನೊಂದು ಕಟ್ಟು ಬಿಚ್ಚಿದರು. "ಮತ್ತೆ ಇನ್ನೇನಂತ ಹೇಳ್ತಿದ್ದಿ? ಕೇಳಿದ್ದಕ್ಕೆ ಹೇಳಿದಿ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ದಂಟು ಎಸೆದರು, ಎಲೆ ಇಟ್ಟುಕೊಂಡರು.

ಜುಲೈ 13, ಶನಿವಾರ

ಗಿರೀಶ ಬೆಂಗಳೂರಿನಿಂದ ತಂದ. ಬಟ್ಟೆಯ ಬ್ಯಾಗು ಒಂದು, ಡಬ್ಬಿ ಒಂದು. ಡಬ್ಬಿ ನಮ್ಮ ಅಡುಗೆಮನೆಯ ಉಪ್ಪಿನ ಜಾಡಿಯಷ್ಟಿದೆ. ಎಲ್ಲಿಡುವುದು ಅಂತ ಯಾರಿಗೂ ತಿಳಿಯಲಿಲ್ಲ. ನಮ್ಮ ಮನೆತನದಲ್ಲಿ ಇಂಥದ್ದು ಬಂದದ್ದೇ ಇಲ್ಲ.

ಅಯ್ನೋರು ಬಂದು ನೋಡಿದರು. "ಇದಕ್ಕ ಕುಣಿ ಯಾಕವ್ವ? ಹರಿಹರದಾಗ ಹೊಳಿಗೆ ಬಿಡ್ರಿ. ಸುಟ್ಟೋರು ಹಂಗೇ ಮಾಡ್ತಾರ."

ಅತ್ತೆ ಬಾಗಿಲಲ್ಲೇ ನಿಂತು ಹೇಳಿದರು. "ಸುಟ್ಟೋರು ನಾವಲ್ಲ. ಅವರಪ್ಪನ ಪಕ್ಕ ಕೂಡ್ರಿಸೋದು. ಕುಣಿ ಆಳುದ್ದಾನೇ ತೆಗೀರಿ, ಕಮ್ಮಿ ಮಾಡಬ್ಯಾಡ್ರಿ."

ಅಯ್ನೋರು ನಾಳೆಗೆ ಹೊತ್ತು ನೋಡಿ ಹೇಳಿದರು.

ಜುಲೈ 14, ಭಾನುವಾರ

ಹೊಲಕ್ಕೆ ಬಹಳ ಜನ ಬಂದಿದ್ದರು. ಹಳೇ ಫ್ಯಾಕ್ಟರಿಯವರೂ ಬಂದಿದ್ದರು. ಕುಣಿ ಆಳುದ್ದ. ಕರಿ ಮಣ್ಣು. ಒಳಗೆ ಗೂಡು, ಆಳು ಕೂರುವಷ್ಟೇ ಅಗಲ. ಗಿರೀಶ ಇಳಿದು ಡಬ್ಬಿ ಇಟ್ಟ. ಎಷ್ಟು ಜಾಗ ಉಳಿಯಿತು. ಅಯ್ನೋರು ವಿಭೂತಿ, ಪತ್ರಿ ಹಾಕಿದರು. ಹಣೆ ಎಲ್ಲಿದೆ ಅಂತ ಒಂದು ಗಳಿಗೆ ಹುಡುಕಿದರು.

ಮೊದಲ ಮಣ್ಣು ನನ್ನದು ಅಂದರು. ಬೊಗಸೆ ತುಂಬಿಕೊಂಡು ಹಾಕಿದೆ.

ಡಬ್ಬಿ ಮುಚ್ಚಿಯೇ ಹೋಯಿತು. ನನ್ನ ಒಂದು ಬೊಗಸೆಗೆ.

ಹಿಂದೆ ಸಾಲು ಬದುವಿನ ತನಕ ಇತ್ತು. ಎಲ್ಲರ ಕೈಯಲ್ಲೂ ಮಣ್ಣು. ಅತ್ತೆಯದು ಇನ್ನೂ ಆಗಿರಲಿಲ್ಲ. ಅವರಿಗೆ ಕಾಣಲಿ ಅಂತ ಬಗ್ಗಿ ಸ್ವಲ್ಪ ಸರಿಸಲು ಹೋದೆ, ಕೈಗೆ ಎಟುಕಲಿಲ್ಲ.