ಲೆಟ್ ಅಂದರೆ ಲೆಟ್

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಕ್ರೇನಿನಲ್ಲಿ ಕೂತಿರುವವನು ಊಟದ ಹೊತ್ತಿಗಾದರೂ ಕೆಳಗಿಳಿ. ನನ್ನ ಮೊಣಕಾಲು ಎಂದಿನಂತೆ ಗೊಣಗುತ್ತಿದೆ, ನಾನು ಅದಕ್ಕೆ ಸೊಪ್ಪು ಹಾಕುತ್ತಿಲ್ಲ. ನೀನಂತೂ ಫೋನ್ ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಇನ್ನು ತಡೆದುಕೊಳ್ಳಲಾರೆ, ಕೇಳು: ಚೂಟಿಯ ಮದುವೆ ಗಟ್ಟಿಯಾಯಿತು! ಹೌದು, ನಿನ್ನ ಮಗಳದ್ದೇ, ಅದೇ ಲಿಫ್ಟ್ ರಿಪೇರಿ ಹುಡುಗನ ಜೊತೆ. ಮುಖ ಗಂಟಿಕ್ಕಬೇಡ. ರಜೆ ಮುಗಿಸಿ ಹೊರಡುವಾಗ "ಹಗ್ಗಕ್ಕೆ ನೇತಾಡೋನಿಗೆ ಮಗಳನ್ನ ಕೊಡಲ್ಲ, ಮದುವೆಗೆ ನನ್ನ ಕರೀಬೇಡಿ" ಎಂದು ಗುಡುಗಿ ಹೋದೆಯಲ್ಲ, ಕ್ರೇನಿನಲ್ಲಿ ಕೂರುವವನ ಬಾಯಲ್ಲಿ ಆ ಮಾತು ಕೇಳಿ ನನಗೆ ನಗು ಬಂತು. ಚೂಟಿಗೆ ಬರಲಿಲ್ಲ. ಅವತ್ತಿನಿಂದ ಅವಳು ಸರಿಯಾಗಿ ಉಂಡಿಲ್ಲ.

ಹುಡುಗನ ಕಡೆಯವರು ಬಂದದ್ದು ನಿನ್ನೆ. ನಿನ್ನ ಹೆಂಡತಿ ಪರದೆ ಬಟ್ಟೆ, ಕತ್ತರಿ, ಸೀಮೆಸುಣ್ಣ ಎಲ್ಲ ಎತ್ತಿಟ್ಟು ಟೇಬಲ್ ಒರೆಸಿದಳು. ನಿಮ್ಮಪ್ಪ ಬದುಕಿದ್ದಾಗ ತಂದ ಟೇಬಲ್ ಟೆನಿಸ್ ಟೇಬಲ್ಲೇ. ಹಗಲು ಅವಳು ಅದರ ಮೇಲೆ ಪರದೆ ಕತ್ತರಿಸುತ್ತಾಳೆ, ಸಂಜೆ ನಾವು ಬಲೆ ಕಟ್ಟಿ ಆಡುತ್ತೇವೆ. ಬೇರೆ ಜಾಗವೆಲ್ಲಿದೆ, ಬಂದವರನ್ನೂ ಅದರ ಸುತ್ತಲೇ ಕೂರಿಸಿದೆವು. ಹುಡುಗನ ತಾಯಿ ಆಸ್ಪತ್ರೆಯ ನರ್ಸ್. ನೆಟ್ಟಗೆ ಕೂತು ಎಲ್ಲರ ಜ್ವರ ನೋಡುವವರಂತೆ ನಮ್ಮನ್ನು ನೋಡುತ್ತಿದ್ದರು. ನಾನೇ ಮಾತು ಶುರು ಮಾಡೋಣವೆಂದು "ಫೋಟೋದಲ್ಲಿ ಹುಡುಗ ಇನ್ನೂ ಸ್ವಲ್ಪ ಉದ್ದ ಕಾಣ್ತಿದ್ದ" ಅಂದೆ. ಅಭ್ಯಾಸಬಲ ನೋಡು, ನಿನ್ನ ಹೆಂಡತಿ, ಚೂಟಿ ಇಬ್ಬರೂ ಒಟ್ಟಿಗೆ "ಲೆಟ್!" ಎಂದು ಕೂಗಿಬಿಟ್ಟರು! ಹೊರಗಿನವರ ಮುಂದೆ! ಹುಡುಗನ ತಾಯಿ ಲೋಟ ಕೆಳಗಿಟ್ಟರು. ಕೆಲಸ ಕೆಟ್ಟಿತು ಎಂದುಕೊಂಡೆ.

ವಿವರಿಸದೆ ವಿಧಿಯಿರಲಿಲ್ಲ. ಸರ್ವಿಸ್ ಮಾಡಿದ ಚೆಂಡು ಬಲೆ ಸವರಿ ಆಚೆ ಬಿದ್ದರೆ ಲೆಟ್; ಯಾರಿಗೂ ಪಾಯಿಂಟ್ ಇಲ್ಲ, ಹೊಡೆದವರೇ ಮತ್ತೆ ಹೊಡೆಯಬೇಕು ಎಂದೆ. ನಮ್ಮಲ್ಲಿ ಆ ಪದ ಟೇಬಲ್ಲಿನಿಂದ ಇಳಿದು ಅಡುಗೆಮನೆಗೂ ಬಂದಿದೆ, ಬಾಯಿತಪ್ಪಿ ಬಂದ ಮಾತಿಗೆ ಯಾರಾದರೂ ಲೆಟ್ ಅಂದರೆ ಆಡಿದವರು ಹೊಸದಾಗಿ ಆಡಬೇಕು, ಹಳೆಯದನ್ನು ಯಾರೂ ಎತ್ತುವಂತಿಲ್ಲ ಎಂದೂ ಹೇಳಿದೆ. ಕ್ಷಮೆ ಕೇಳಿದರೆ ತಪ್ಪು ಲೆಕ್ಕಕ್ಕೆ ಸೇರಿಬಿಡುತ್ತದೆ, ಲೆಟ್ ಅಂದರೆ ಸೇರುವುದೇ ಇಲ್ಲ! ಆಮೇಲೆ ಹೊಸದಾಗಿ "ಹುಡುಗ ಲಕ್ಷಣವಾಗಿದ್ದಾನೆ" ಅಂದೆ. ಆಕೆ "ಹಾಗಾದ್ರೆ ನಂದೂ ಒಂದು ಲೆಟ್ ಇದೆ. ಮೆಟ್ಟಿಲು ಹತ್ತುವಾಗ, ಮನೆ ಇಷ್ಟೇನಾ ಅಂದಿದ್ದೆ" ಅಂದುಬಿಟ್ಟರು! ಹುಡುಗನ ಕಿವಿ ಕೆಂಪಾಯಿತು. ಚೂಟಿ ಬಿದ್ದು ಬಿದ್ದು ನಕ್ಕಳು, ಆ ನಗು ಕೇಳಿ ಎಷ್ಟು ದಿನವಾಗಿತ್ತೋ! ಕೂಡಲೇ ಬಲೆ ಕಟ್ಟಿದೆವು. ಆಕೆ ತೋಳೇರಿಸಿ ನಿಂತು ನನಗೆ ಮಣ್ಣು ಮುಕ್ಕಿಸಿದರು. ಹುಡುಗನಿಗೆ ಆಟ ಒಂದಿಷ್ಟೂ ಬರುವುದಿಲ್ಲ, ಆದರೆ ನೀನು ಮುಂದಿನ ರಜೆಗೆ ಎನ್ನುತ್ತಲೇ ಇದ್ದ ಟೇಬಲ್ಲಿನ ಆ ಅಲುಗಾಡುವ ಕಾಲನ್ನು ಕೇಳದೆಯೇ ಬಿಗಿ ಮಾಡಿ ಹೋದ. ನನಗೆ ಅವನು ಬಹಳ ಹಿಡಿಸಿದ.

ಎಲ್ಲರೂ ನಿನ್ನನ್ನು ಕೇಳಿದರು. ಹೊತ್ತಿಗೆ ಸರಿಯಾಗಿ ಉಣ್ಣು, ನೂರ್ಕಾಲ ಚೆನ್ನಾಗಿರು ಕಂದಾ.

ನಿನ್ನ
ಅಮ್ಮ

ತಾ.ಕ.: ಮದುವೆಯ ದಿನ ಗೊತ್ತುಮಾಡೋಣ ಎಂದು ಅವರು ಕೇಳಿದಾಗ ಚೂಟಿ ಒಪ್ಪಲಿಲ್ಲ. "ಅಪ್ಪ ಹೊರಡುವಾಗ ಏನೋ ಅಂದ್ರು, ಅದಕ್ಕೆ ನಾನು ಲೆಟ್ ಅಂದಿದ್ದೀನಿ. ಅವರು ಮತ್ತೆ ಹೇಳೋವರೆಗೂ ದಿನ ಇಡಬೇಡಿ" ಎಂದಳು, ಎಲ್ಲರ ಮುಂದೆಯೇ. ಬೇಗ ಫೋನ್ ಮಾಡು. ನಿನ್ನೆಯಿಂದ ಫೋನನ್ನು ಬೇರೆ ಯಾರಿಗೂ ಎತ್ತಲು ಬಿಡುತ್ತಿಲ್ಲ ಅವಳು.