ಜೇನುಗೂಡು ಶಾಲೆಯ ಪಡುವಣ ಗೋಡೆ

ದಾವಲಸಾಬ ಕಾಕಾ,

ನಮ್ಮ ರಾಣೆಬೆನ್ನೂರಿನ ಮನೆಗೆ ಗೋಡೆ ಎಬ್ಬಿಸುವಾಗ ನೀವು ನನ್ನ ಕೈಗೆ ಗೋಡೆ ನೆಟ್ಟಗಿದೆಯೆ ಎಂದು ನೋಡುವ ಗುಂಡಿನ ದಾರ ಕೊಟ್ಟು, "ಹಿಡಿ ಮಗಳ, ಕೈ ಅಳ್ಳಾಡಿದ್ರ ಮನಿ ಅಳ್ಳಾಡತೈತಿ" ಅಂದಿದ್ದಿರಿ. ಆಗ ನನಗೆ ಎಂಟು ವರ್ಷ. ಮುಂದೆ ನಾನು ಕಟ್ಟಡದ ನಕ್ಷೆ ಬರೆಯುವವಳಾದದ್ದು ಆ ದಾರ ಹಿಡಿದೇ. ಬ್ಯಾಡಗಿಯ ಶಾಲೆ ನನ್ನ ಮೊದಲ ಕೆಲಸ. ಅದು ಸಿಕ್ಕಾಗ ಅಪ್ಪನಿಗಿಂತ ಮೊದಲು ನಿಮಗೆ ಹೇಳಲು ಓಡಿ ಬಂದೆ, ನೆನಪಿದೆಯೆ?

ನಕ್ಷೆ ಬಿಡಿಸಿ ತೋರಿಸಿದ ದಿನ ನೀವು ಎಲೆಅಡಿಕೆ ಜಗಿಯುವುದನ್ನೇ ನಿಲ್ಲಿಸಿದಿರಿ. ಜೇನುಹುಟ್ಟಿನ ಕಣ್ಣುಗಳ ಹಾಗೆ ಆರು ಮೂಲೆಯ ಆರು ಕೋಣೆ, ಒಂದಕ್ಕೊಂದು ಗೋಡೆ ಅಂಟಿಕೊಂಡು ಒಂದೇ ಸಾಲು. ಮೂಡಣಕ್ಕೆ ಅದೇ ಆರು ಮೂಲೆಯ ತೂತುಗಳ ಜಾಲಂಧ್ರ, ಎಳೆಬಿಸಿಲು ಮಕ್ಕಳ ಪಾಟಿಯ ಮೇಲೆ ಬೀಳಲಿ ಅಂತ. ಪಡುವಣಕ್ಕೆ ಬಾಗಿಲೊಂದೇ, ಮಳೆ ಹೊಡೆಯುತ್ತದೆಂದು ಉಳಿದ ಗೋಡೆ ಪೂರಾ ಬಂದ್. "ಹುಳಾ ಕಟ್ಟೂ ಮನಿ ನನ್ನ ಕೈಲೆ ಕಟ್ಟಸ್ತೀಯಲ್ಲ, ಹುಚ್ಚಿ!" ಎಂದು ನಕ್ಕಿರಿ. ಮೂರು ಕಟ್ಟಿಗೆ ಪಟ್ಟಿ ಬಡಿದು ಆ ಮೂಲೆಗೊಂದು ಅಚ್ಚು ಮಾಡಿಕೊಂಡಿರಿ. ಒಳಗಿನ ಮೂವತ್ತಾರು ಮೂಲೆಯಲ್ಲಿ ಒಂದೂ ಕೂದಲೆಳೆಯಷ್ಟು ತಪ್ಪಲಿಲ್ಲ.

ಮೂಡಣ ಗೋಡೆ ಶುರುಮಾಡುವ ಮುಂಜಾನೆ ನೀವು ಕರಣೆ ಕೆಳಗಿಟ್ಟು ಹುಣಸೆಮರದ ಹೆಜ್ಜೇನು ತೋರಿಸಿದಿರಿ. "ಆಕಾರ ನೋಡೀದಿ ಮಗಳ, ಖರೇ. ಅದು ಗಾಳಿಗೆ ಎತ್ತಾಗ ಬೆನ್ನು ಕೊಟ್ಟೈತಿ, ಅದನ್ನೂ ನೋಡು. ಮೂಡಕ್ಕ ಮೆಣಸಿನಕಾಯಿ ಪ್ಯಾಟಿ ಐತಿ. ಸಂಕ್ರಾಂತಿ ಮುಂದ ಮೂಡಗಾಳಿ ಬಿಟ್ಟಿತಂದ್ರ ಖಾರದ ಘಾಟು ಸೀದಾ ಹುಡುಗ್ರ ಮೂಗಿಗೆ ಬಡೀತೈತಿ. ಕಿಡಕಿ ಪಡುವಣಕ್ಕ ಇಡೂಣು." ನಾನು ಜಾಗ ನೋಡಿದ್ದೆಲ್ಲ ಮಳೆಗಾಲದಲ್ಲಿ, ಪೇಟೆ ಖಾಲಿ ಇದ್ದಾಗ. ಆದರೂ ಹತ್ತು ಆಳುಗಳ ಮುಂದೆ ನಿಮಗೆ ಏನಂದೆ? "ಕಾಕಾ, ನೀವು ಗ್ವಾಡಿ ಕಟ್ರಿ. ನಕಾಶಿ ಚಿಂತಿ ನಿಮಗ್ಯಾಕ?"

ನೀವು ಕರಣೆ ಎತ್ತಿಕೊಂಡು, "ಆತ್ರಿ ಬಾಯಾರ" ಅಂದಿರಿ. ಬಾಯಾರ! ಕೆಲಸ ಕೊಟ್ಟ ಯಜಮಾನತಿಯನ್ನು ಕರೆದ ಹಾಗೆ! ಬೈಯಬಾರದಿತ್ತೆ ಕಾಕಾ? ಕಪಾಳಕ್ಕೊಂದು ಬಿಗಿಯಬಾರದಿತ್ತೆ? ಕೆಲಸ ಮುಗಿಯುವವರೆಗೂ ನಿಮ್ಮ ಬಾಯಲ್ಲಿ 'ಮಗಳ' ಎಂಬ ಮಾತು ಮತ್ತೆ ಬರಲಿಲ್ಲ. ನಾನೂ ಸೆಟೆದುಕೊಂಡೇ ಇದ್ದೆ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನಲ್ಲಿದ್ದದ್ದು ಆ ಒಕ್ಕಾಲಷ್ಟೇ. ಮುಂದಿನ ವಾರ ಹೋಗಿ ತಪ್ಪಾಯಿತು ಅಂದರಾಯಿತು, ಹಬ್ಬಕ್ಕೆ ಹೋದಾಗ ಅಂದರಾಯಿತು, ಅಂತ ಹುಬ್ಬಳ್ಳಿಯಲ್ಲೇ ಕೂತೆ... ಅಷ್ಟರಲ್ಲಿ ನೀವು ತೀರಿಕೊಂಡಿರೆಂದು ಕಾಕಿ ಬರೆಸಿದ ಇನ್‌ಲ್ಯಾಂಡ್ ಪತ್ರ ಬಂತು. ನಿಮ್ಮ ಮಣ್ಣಿಗೂ ನಾನು ಬಂದು ಮುಟ್ಟಲಿಲ್ಲ.

ಈ ಸಂಕ್ರಾಂತಿ ಕಳೆದು ಶಾಲೆಗೆ ಹೋದೆ. ಆರೂ ಕೋಣೆ ಖಾಲಿ! ಮಕ್ಕಳೆಲ್ಲ ಹೊರಗೆ, ಪಡುವಣ ಗೋಡೆಯ ನೆರಳಲ್ಲಿ ಕೂತು ಮಗ್ಗಿ ಹೇಳುತ್ತಿದ್ದರು. "ಒಳಗ ಕುಂತ್ರ ಕೆಮ್ಮಿ ಕೆಮ್ಮಿ ಸುಸ್ತಾಗ್ತಾವ್ರಿ. ದಿನಾ ಹಿಂಗ" ಅಂದರು ಅಲ್ಲಿ ಪಾಠ ಹೇಳುವ ಅಕ್ಕಾರು. ಒಳಗೆ ಹೋಗಿ ನಿಂತೆ. ಕಣ್ಣಲ್ಲಿ ನೀರು ದಳದಳ ಇಳಿಯಿತು. ಘಾಟೂ ಹೌದು, ನಾಚಿಕೆಯೂ ಹೌದು.

ಆಡಳಿತದವರ ಕೈಕಾಲು ಹಿಡಿದು ಜಾಲಂಧ್ರ ಮುಚ್ಚಿಸಿದೆ. ಪಡುವಣ ಗೋಡೆಯಲ್ಲಿ ಕಿಟಕಿ ಇಡಲು ಹೊಸ ಗೌಂಡಿಯನ್ನು ಕರೆಸಿದೆ. ಒಡೆದರೆ ಮೇಲಿನ ಗೋಡೆ ಕುಸಿದೀತೆಂದು ನನಗೆ ಜೀವದಲ್ಲಿ ಜೀವವಿರಲಿಲ್ಲ. ನಾಲ್ಕು ಇಟ್ಟಂಗಿ ಬಿಚ್ಚಿದ ಗೌಂಡಿ ಕೈ ತಡೆದ. "ಬಾಯಾರ, ಇಲ್ಲಿ ಮೊದ್ಲ ಹಾಸಗಲ್ಲು ಕುಂದ್ರಿಸ್ಯಾರ್ರಿ, ಕಿಡಕಿ ಮ್ಯಾಲ ಇಡೂವಂಥಾದ್ದು. ಕೆಳಗಿನ ಇಟ್ಟಂಗಿ ತೆಗದ್ರ ಮುಗೀತು, ಗ್ವಾಡಿ ಜಗ್ಗಂಗಿಲ್ಲ. ಯಾರೋ ತಿಳದಾವ ಕಟ್ಟ್ಯಾನ."

ಆರೂ ಕೋಣೆಯಲ್ಲಿ, ಗೋಡೆಗೆ ಬಳಿದ ಗಿಲಾವಿನ ಒಳಗೆ, ಆರು ಕಲ್ಲು. ಗೋಡೆಗೆ ಹಣೆಹಚ್ಚಿ ಅತ್ತೆ ಕಾಕಾ, ಆಳುಗಳ ಮುಂದೆಯೇ.

ಮಳೆಗೆ ಮುಚ್ಚುವ ಕದದ ಸಮೇತ ಕಿಟಕಿ ಕೂತವು. ಮಕ್ಕಳು ಒಳಗೆ ಬಂದಿದ್ದಾರೆ, ಕೆಮ್ಮು ನಿಂತಿದೆ. ಇನ್ನು ಮುಂದೆ ಮಳೆ ಬಿಸಿಲು ಗಾಳಿ ಮೂರನ್ನೂ ನೋಡದೆ, ಗೌಂಡಿಯ ಮಾತು ಕೇಳದೆ ಒಂದು ಗೆರೆಯನ್ನೂ ಎಳೆಯುವುದಿಲ್ಲ, ನಿಮ್ಮಾಣೆ. ಒಂದನ್ನು ಮಾತ್ರ ಕೇಳಬೇಕಿತ್ತು. ಆ ಕಲ್ಲು ಇಡುವಾಗ ನೀವು ನನ್ನನ್ನು ಬಾಯಾರ ಅನ್ನುತ್ತಿದ್ದಿರಿ. ಬಾಯಾರು ಬೇಡವೆಂದ ಕೆಲಸವನ್ನು ಯಾವ ಗೌಂಡಿ ಮಾಡುತ್ತಾನೆ? ಅವು ಮಗಳಿಗೇ ಇಟ್ಟದ್ದಲ್ಲವೆ, ಕಾಕಾ?

ನಿಮ್ಮ ಹುಚ್ಚಿ,
ಸಾವಿತ್ರಿ