ಇಲ್ಲೇ ಎನ್ನಲು ಬಾರದ ಫೋನು

ವಾಮದಪದವು

ದಿವಾಕರ ಮಾವನಿಗೆ,

ಲತೇಶಣ್ಣ ನಾಳೆ ಮಸ್ಕತ್ತಿಗೆ ಹೊರಡುತ್ತಾರೆ. ಅಮ್ಮನ ಹಪ್ಪಳದ ಜೊತೆ ಈ ಪತ್ರವನ್ನೂ ಅವರ ಕೈಯಲ್ಲಿ ನಿಮಗೆ ಕಳಿಸುತ್ತಿದ್ದೇನೆ.

ರಜೆಯಲ್ಲಿ ಬಂದಾಗ ನೀವು ಕೊಟ್ಟ ಫೋನು ಒಮ್ಮೆ ಚಾರ್ಜ್ ಮಾಡಿದರೆ ಎರಡು ದಿನ ಬರುತ್ತದೆ. ನನ್ನ ಹಳೆಯದು ಮಧ್ಯಾಹ್ನಕ್ಕೇ ಸಾಯುತ್ತಿತ್ತು, ಹಾಗಾಗಿ ಖುಷಿಪಟ್ಟಿದ್ದೆ. ನಾನು ಎಲ್ಲಿದ್ದೇನೆಂದು ಮಸ್ಕತ್ತಿನಲ್ಲಿ ಕೂತೇ ನಿಮಗೆ ಕಾಣುವ ಹಾಗೆ ಅದರಲ್ಲಿ ಮಾಡಿಟ್ಟಿದ್ದೀರಿ ಎಂದು ತಿಳಿದದ್ದು ಮೊನ್ನೆ, ನೀವು ಅಮ್ಮನಿಗೆ ಫೋನ್ ಮಾಡಿ "ಇವಳು ಮೆಲ್ಕಾರ್ ಪೇಟೆಯಲ್ಲಿ ಅಷ್ಟು ಹೊತ್ತು ಎಂಥ ಮಾಡುದು?" ಎಂದು ಕೇಳಿದಾಗ.

ಎಂಥ ಮಾಡಿದೆನೆಂದು ಹೇಳುವುದಿಲ್ಲ. ನನಗೆ ಇಪ್ಪತ್ತೇಳು ವರ್ಷ. ಸೋದರಮಾವನಿಗೆ ಕೇಳುವ ಹಕ್ಕು ಉಂಟು, ಆದರೆ ಕೇಳಬೇಕಾದದ್ದು ನನ್ನಲ್ಲಿ. ಊರಲ್ಲಿ ಎದುರು ಸಿಕ್ಕಿದವರೆಲ್ಲ "ಎಲ್ಲಿಗೆ ಹೊರಟದ್ದು?" ಎನ್ನುತ್ತಾರೆ. "ಇಲ್ಲೇ" ಎಂದರೆ ಸಾಕು, ಮತ್ತೆ ಕೆದಕುವುದಿಲ್ಲ. ಅಷ್ಟು ಮರ್ಯಾದೆ ಬಸ್‌ಸ್ಟ್ಯಾಂಡಿನಲ್ಲಿ ಸುಮ್ಮನೆ ಕೂತವರಿಗೂ ಉಂಟು. ನೀವು ಕೊಟ್ಟ ಫೋನಿಗೆ "ಇಲ್ಲೇ" ಎನ್ನಲು ಬರುವುದಿಲ್ಲ.

ನಾನಿರುವ ಜಾಗ ತೋರಿಸುವುದನ್ನು ತೆಗೆಸಿ ಫೋನು ಇಟ್ಟುಕೋ ಎಂದು ಅಮ್ಮ ಹೇಳಿದರು. ನನಗೆ ಬೇಡ. ಮಧ್ಯಾಹ್ನಕ್ಕೆ ಸಾಯುವ ಫೋನೇ ಸಾಕು. ಅಲ್ಲಿಯವರೆಗಾದರೂ ಅದು ನನ್ನದು.

ನಿಮ್ಮದನ್ನು ನಿನ್ನೆ ನಿಮ್ಮ ಮನೆಗೆ ಹೋಗಿ ಅತ್ತೆಯ ಕೈಗೆ ಕೊಟ್ಟೆ, ನಡೆದದ್ದನ್ನೆಲ್ಲ ಹೇಳಿದೆ. ಅತ್ತೆ ನನ್ನನ್ನು ಬೈಯಲಿಲ್ಲ. ಫೋನನ್ನು ತಿರುಗಿಸಿ ತಿರುಗಿಸಿ ನೋಡಿ, "ಇದನ್ನು ನಿನ್ನ ಮಾವನ ಫೋನಿಗೂ ಹಾಕ್ಲಿಕ್ಕೆ ಆಗ್ತದಾ?" ಎಂದು ಕೇಳಿದರು.

ಆಗುತ್ತದೆ ಎಂದಿದ್ದೇನೆ. ನಿಮ್ಮ ಫೋನಿನ ಬ್ಯಾಟರಿ ಎಷ್ಟು ದಿನ ಬರುತ್ತದೆಂದು ಅತ್ತೆಗೆ ದಯವಿಟ್ಟು ತಿಳಿಸಿ.

ನಿಮ್ಮ ಸೊಸೆ,
ಸಾತ್ವಿಕಾ